ಬುತ್ತಿ ಹೊತ್ತ ಕಾರು

ಕೂಕಟ್‌ಪಲ್ಲಿಯ ಆ ಓಣಿಗೆ ಹೊಸದಾಗಿ ಬಂದವರಿಗೆ ನೀಲಾಳ ಮನೆಯ ಗುರುತನ್ನು ಯಾರೂ ನಂಬರಿನಿಂದ ಹೇಳುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ನಿಂತರೆ ತಪತಪ ಸದ್ದು ಯಾವ ಮಹಡಿಯಿಂದ ಬರುತ್ತದೋ ಅದೇ ಎನ್ನುತ್ತಿದ್ದರು. ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು ಅದು. ಮದುವೆಯಾದ ಹೊಸತರಲ್ಲಿ ಆಳಂದದ ಕಡೆಯ ಹಳ್ಳಿಯಿಂದ ಈ ಊರಿಗೆ ಬಂದಾಗ, ಕೆಳಗಿನ ಮನೆಯ ಹೆಂಗಸು ಮೆಟ್ಟಿಲು ಹತ್ತಿ ಬಂದು "ಏಮಿಟಮ್ಮಾ ಈ ಚಪ್ಪುಡು" ಎಂದು ಆ ಸದ್ದಿಗಾಗಿ ಜಗಳಕ್ಕೆ ನಿಂತಿದ್ದಳು. ನೀಲಾಳಿಗೆ ಆಗ ತೆಲುಗು ಬರುತ್ತಿರಲಿಲ್ಲ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಪಕ್ಕದಲ್ಲಿ ಶೇಂಗಾ ಚಟ್ನಿ ಹಾಕಿ, ತಟ್ಟೆಯನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ಎಂದಾದರೂ ಬೆಳಗಿನ ಸದ್ದು ತಡವಾದರೆ ಅದೇ ಹೆಂಗಸು ಕೆಳಗಿನಿಂದ ಕೂಗಿ, ಮೈಯಲ್ಲಿ ಹುಷಾರಿದೆಯೇ ಎಂದು ಕೇಳುವಳು.

ಗಂಡ ವೀರಭದ್ರಪ್ಪ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ. ಮಾತು ಕಡಿಮೆ; ಆಡಿದರೆ ನಗು ಬರುವಂತೆ ಆಡುವವನು. ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ನೀಲಾ ಹೆಚ್ಚು ಮಾತಾಡಿದವಳಲ್ಲ. ರೊಟ್ಟಿ ಮಾತ್ರ ಇಬ್ಬರಿಗೆ ಬೇಕಾದದ್ದಕ್ಕಿಂತ ಯಾವಾಗಲೂ ಹೆಚ್ಚು ಬಡಿಯುತ್ತಿದ್ದಳು.

ಆ ಹೆಚ್ಚಿನ ರೊಟ್ಟಿಗಳಿಗೆ ತಿನ್ನುವವರು ಸಿಕ್ಕಿದ್ದು ಮಾಧಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸತೊಡಗಿದ ಮೇಲೆ. ಧಾರವಾಡದ, ವಿಜಾಪುರದ, ಗುಲಬರ್ಗಾದ ಹುಡುಗ ಹುಡುಗಿಯರು ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡು ಊರು ತುಂಬಿದರು. ಮೂರು ಹೊತ್ತೂ ಅನ್ನ ತಿಂದು ಬೇಸತ್ತವರಿಗೆ ಯಾರೋ ನೀಲಾಳ ಹೆಸರು ಹೇಳಿದರು. ಅವಳು ಖಡಕ್ ರೊಟ್ಟಿ ಮಾಡಿಕೊಡಲು ಶುರುಮಾಡಿದಳು. ಕಾಗದದಷ್ಟು ತೆಳ್ಳಗೆ ಬಡಿದು, ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿದ ರೊಟ್ಟಿ. ತಿಂಗಳಿಟ್ಟರೂ ಕೆಡುವುದಿಲ್ಲ. ಒಂದೇ ದೋಷವೆಂದರೆ, ತುಸು ಏಟು ಬಿದ್ದರೂ ಚೂರಾಗುತ್ತದೆ.

ಬಸ್ಸಿನಲ್ಲಿ ಒಯ್ದಳು, ಚೂರಾದವು. ಆಟೋದಲ್ಲಿ ಒಯ್ದಳು, ಇನ್ನಷ್ಟು ಚೂರಾದವು. ಕೊನೆಗೆ ಅವಳ ರೊಟ್ಟಿ ತಿನ್ನುತ್ತಿದ್ದ ಕುಂದಾಪುರದ ಕಡೆಯ ಹುಡುಗನೊಬ್ಬ ಪುಣೆಗೆ ವರ್ಗವಾಗಿ ಹೋಗುವಾಗ ತನ್ನ ಕಾರನ್ನು ಅವರಿಗೆ ಮಾರಿದ. ಎರಡೇ ಬಾಗಿಲಿನ ಪುಟ್ಟ ಕೆಂಪು ಗಾಡಿ. ಹಿಂದುಗಡೆ ರೆಕ್ಕೆಯಂಥ ಒಂದು ತಗಡು. ಓಟದ ಗಾಡಿಯ ಹಾಗೆ ಕಾಣಲೆಂದು ಅವನು ಸ್ಪ್ರಿಂಗುಗಳನ್ನು ಕತ್ತರಿಸಿ ಅದನ್ನು ನೆಲಕ್ಕೆ ಹತ್ತಿರ ಕೂರಿಸಿದ್ದ. ವೀರಭದ್ರಪ್ಪ ಸುತ್ತು ಹಾಕಿ ನೋಡಿ, "ಕಾರ್ ಅಂದಿದ್ದಿ, ಇದು ಚಪ್ಪಲಿ ಐತಲ್ಲ" ಎಂದ. ಆದರೂ ಕಾರ್ಖಾನೆಯ ಕಾಲೊನಿಯ ಬಯಲಿನಲ್ಲಿ ಹೆಂಡತಿಗೆ ಗಾಡಿ ಕಲಿಸಿದವನು ಅವನೇ. ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಲೇ ಕಲಿಸಿದ.

ಹಾಗೆ ರೊಟ್ಟಿಗೆ ಬಂದವರಲ್ಲಿ ಒಬ್ಬಳು ಸಂಯುಕ್ತಾ. ಲಿಂಗಸುಗೂರಿನ ಹುಡುಗಿ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಶಾಲೆಯಲ್ಲಿದ್ದಾಗಲೇ ತಾಯಿ ತೀರಿಹೋಗಿದ್ದಳು. ತಂದೆ ಬೇರೆ ಮದುವೆಯಾಗಿ ಬೇರೆ ಊರಿನಲ್ಲಿದ್ದ. ರೊಟ್ಟಿ ಒಯ್ಯಲು ಬಂದವಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ರಜೆಯ ದಿನವನ್ನೆಲ್ಲ ಅಲ್ಲೇ ಕಳೆಯುತ್ತಿದ್ದಳು. ಮೊದಲು "ಆಂಟಿ" ಎನ್ನುತ್ತಿದ್ದವಳು ಯಾವಾಗ ಚಿಕ್ಕಮ್ಮನನ್ನು ಕರೆದಂತೆ "ಕಾಕು" ಎನ್ನತೊಡಗಿದಳೋ ಇಬ್ಬರಿಗೂ ತಿಳಿಯಲಿಲ್ಲ. ಅವಳ ಮದುವೆಯಲ್ಲಿ ಅಕ್ಷತೆ ಹಿಡಿದು ಹೆಣ್ಣಿನ ಕಡೆ ನಿಂತವರು ನೀಲಾ ಮತ್ತು ವೀರಭದ್ರಪ್ಪ. ಗಂಡ ವಿನಾಯಕ, ಮಲ್ಕಾಜ್‌ಗಿರಿಯ ರೈಲ್ವೆ ಮನೆತನದ ಹುಡುಗ. ಅತ್ತೆ ಕೃಷ್ಣಾಬಾಯಿ, ಹುಬ್ಬಳ್ಳಿ ಕಡೆಯವಳು. ರೈಲ್ವೆ ಗಾರ್ಡ್ ಒಬ್ಬರ ವಿಧವೆ. ನಾಲಗೆ ಹರಿತ, ಕಣ್ಣು ಇನ್ನೂ ಹರಿತ.

ಸಂಯುಕ್ತಾ ಬಸುರಿಯಾದಳು. ಆ ಸಂಕ್ರಾಂತಿಗೆ ನೀಲಾ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ, ಕೆಂಪು ಕಾರಿನಲ್ಲಿಟ್ಟುಕೊಂಡು ಮಲ್ಕಾಜ್‌ಗಿರಿಗೆ ಹೋದಳು. ಕೃಷ್ಣಾಬಾಯಿ ಗಂಟು ಬಿಚ್ಚಿ ನೋಡಿದಳು.

"ಹಿಟ್ಟು ಯಾಕ ತರಾಕ ಹೋದ್ರಿ ನೀಲಾಬಾಯಿ. ಹಿಟ್ಟು ನಮ್ಮನ್ಯಾಗೂ ಐತಿ."

ನೀಲಾ ನಕ್ಕಳು. ನಗುತ್ತಲೇ, ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಆಡಿಬಿಟ್ಟಳು. "ಕುಬುಸ ಆದ ಮ್ಯಾಲ ಹುಡಿಗೀನ ನಮ್ಮನಿಗೆ ಕಳಸ್ರಿ. ಬಾಣಂತನ ನಾ ಮಾಡ್ತೀನಿ. ಮೊದಲನೇದು ತವರಾಗ ಆಗಬೇಕಲ್ಲ."

ಕೃಷ್ಣಾಬಾಯಿ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿದಳು. "ರೊಟ್ಟಿ ಮುರದ್ರ ಮುರದ್ವು. ಅದ ಗಾಡ್ಯಾಗ ಹೊಟ್ಟೀಲೆ ಇದ್ದಾಕೀನ ಕುಂಡ್ರಿಸಿ ಕಳಸಂತೀರಿ."

"ಟ್ಯಾಕ್ಸಿ ಮಾಡಿಸ್ತೀನ್ರಿ."

"ಹೋಗೋದಕ್ಕ ಟ್ಯಾಕ್ಸಿ ಮಾಡ್ತೀರಿ. ಸರಿಹೊತ್ತಿನ್ಯಾಗ ಬ್ಯಾನಿ ಬಂದ್ರ ದವಾಖಾನಿಗೆ ಯಾವುದರಾಗ ಒಯ್ತೀರಿ?"

ನೀಲಾ ಸೆರಗು ಸರಿಪಡಿಸಿಕೊಂಡು ಎದ್ದಳು. ಸಂಯುಕ್ತಾ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನೀಲಾ ಹೊರಡುವಾಗ ಅವಳು ಕಾರಿನವರೆಗೆ ಬಂದು, ಕಿಟಕಿಯ ಗಾಜಿನ ಅಂಚು ಹಿಡಿದು, "ಕಾಕು, ನಾನೂ ಒಂದ್ಸಲ ತವರಿಗೆ ಹೋಗಿ ಬರ್ತೀನಿ ಅನ್ನಬೇಕಂತ ಆಸೆ ಐತಿ" ಎಂದಳು. ಹಿಂದಿನಿಂದ ಕೃಷ್ಣಾಬಾಯಿಯ ದನಿ ಬಂತು. "ಕುಬುಸದ ಬುತ್ತಿ ಹೆಂಗ ಬರ್ತೈತೋ ನೋಡೂಣು. ಆಮ್ಯಾಲ ಮಾತು."

ಅವರ ಕಡೆಯ ಪದ್ಧತಿ ಅದು. ಬಸುರಿಗೆ ಹಸಿರು ಸೀರೆ ಉಡಿಸುವ ಕುಬುಸದ ದಿನ ತವರಿನ ಒಲೆಯ ಮೇಲೆ ಬೆಂದ ರೊಟ್ಟಿ, ಹೋಳಿಗೆ, ಪಲ್ಯ, ಚಟ್ನಿಗಳ ಬುತ್ತಿ ಬರಬೇಕು. ಒಲೆ ಗಂಡನ ಮನೆಯದಾಗಿರಬಾರದು. ರೊಟ್ಟಿ ಇಡಿಯಾಗಿರಬೇಕು. ಒಡೆದ ರೊಟ್ಟಿಯ ಬುತ್ತಿ ತಂದ ತವರಿನ ಮಾತು ಆ ಮನೆಯಲ್ಲಿ ಮತ್ತೆ ನಡೆಯುವುದಿಲ್ಲ.

ಮೂಸಾಪೇಟೆಯ ರೈಲು ಸೇತುವೆಯ ಹತ್ತಿರ ಅಮರಯ್ಯನ ಗ್ಯಾರೇಜು. ರಾಯಚೂರಿನ ಕಡೆಯವನು. ಕಂಪನಿ ಹುಡುಗರು ತಮ್ಮ ಪುಟ್ಟ ಗಾಡಿಗಳಿಗೆ ದಪ್ಪ ಚಕ್ರ, ಗುಡುಗುವ ಸೈಲೆನ್ಸರು ಹಾಕಿಸಲು ಅವನ ಹತ್ತಿರ ಬರುತ್ತಿದ್ದರು. ಯುಗಾದಿ ಕಳೆದ ಮೇಲೆ ನೀಲಾ ಗಂಡನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಅಮರಯ್ಯ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ಒತ್ತಿ ಬಿಟ್ಟ. ಕಾರು ಎದ್ದಿತು, ಬಿದ್ದಿತು, ಎದ್ದಿತು, ಬಿದ್ದಿತು. ಜೋಕಾಲಿಯ ಹಾಗೆ ಆಡುತ್ತಲೇ ಇತ್ತು.

"ಅಕ್ಕಾರ, ಇದರ ಶಾಕ್ ಅಬ್ಸಾರ್ಬರ್ ಸತ್ತು ಭಾಳ ದಿನ ಆಗೈತಿ. ನೀವು ಮಣ್ಣು ಮಾಡದ, ಹಂಗ ಹೊತಗೊಂಡು ತಿರಗಾಕತ್ತೀರಿ."

"ಸ್ಪ್ರಿಂಗ್ ಐತಲ್ಲಪ್ಪ?"

"ಸ್ಪ್ರಿಂಗ್ ಕುಣ್ಯಾಕ ಇರೋದು. ಸಾಕು ಕುಂಡ್ರು ಅಂತ ಅದಕ್ಕ ಹೇಳಾವ ಶಾಕ್."

ಕತ್ತರಿಸಿದ ಸ್ಪ್ರಿಂಗುಗಳನ್ನು ತೆಗೆದು ಸರಿಯಾದ ಎತ್ತರದವನ್ನು ಹಾಕಬೇಕು; ಜೊತೆಗೆ ಗ್ಯಾಸ್ ತುಂಬಿದ ಹೊಸ ಶಾಕ್‌ಗಳನ್ನು ಹಾಕಿಸಿದರೆ ಒಳ್ಳೆಯದು ಎಂದ. ಒಂದನ್ನು ತಂದು ತೋರಿಸಿದ. ನೀಲಿ ಬಣ್ಣದ ಉದ್ದನೆಯ ಕೊಳವೆ; ತುದಿಯಲ್ಲಿ ಸಣ್ಣದೊಂದು ತಿರುಗಣೆ. ಈ ಕಡೆ ತಿರುವಿದರೆ ಬಿಗಿ, ಆ ಕಡೆ ತಿರುವಿದರೆ ಸಡಿಲ. ರೇಸಿನ ಹುಚ್ಚಿನ ಹುಡುಗರು ಇದನ್ನೇ ಕೇಳಿ ಹಾಕಿಸುತ್ತಾರೆ.

"ಬಿಗೀನೂ ಅಲ್ಲ, ಸಡಿಲೂ ಅಲ್ಲ, ನಡಕ ಇಡ್ತೀನ್ರಿ" ಎಂದ ಅಮರಯ್ಯ.

"ಬ್ಯಾಡ. ಪೂರಾ ಬಿಗಿ ಮಾಡು."

"ಅಕ್ಕಾರ, ನಮ್ಮ ರಸ್ತಾಕ್ಕ—"

"ಬಿಗಿ ಇದ್ರ ಕುಣ್ಯಂಗಿಲ್ಲ. ಕುಣೀದಿದ್ರ ಒಡ್ಯಂಗಿಲ್ಲ. ಬಿಗೀನ ಮಾಡಪ್ಪ."

ವೀರಭದ್ರಪ್ಪ ಮೆಲ್ಲಗೆ, "ಅಂವ ಹೇಳಿದ್ದು ಒಂಚೂರು ಕೇಳು" ಎಂದ. ಅವಳು ಕೇಳಲಿಲ್ಲ. ಇಡೀ ಬದುಕು ಅವಳಿಗೆ ಕಲಿಸಿದ್ದು ಅದನ್ನೇ. ಮೆತ್ತನೆಯ ರೊಟ್ಟಿ ಮರುದಿನಕ್ಕೆ ಬೂಸಲು ಹಿಡಿಯುತ್ತದೆ, ಖಡಕ್ಕಾದದ್ದು ಉಳಿಯುತ್ತದೆ. ಮಕ್ಕಳಿಲ್ಲವೇ ಎಂದು ಕೇಳಿದವರ ಮುಂದೆ ಮೆತ್ತಗಾದ ದಿನ ಅವಳು ಅತ್ತಿದ್ದಳು. ಗಟ್ಟಿಯಾದ ದಿನ ರೊಟ್ಟಿ ಬಡಿದಿದ್ದಳು. ಬಿಗಿಯನ್ನು ಅವಳು ನಂಬಿದ್ದಳು.

ಹೊಸ ಶಾಕ್‌ಗಳ ಮೇಲೆ ಕಾರು ಎತ್ತರವಾಗಿ, ಎದೆಯುಬ್ಬಿಸಿ ನಿಂತಿತು. ಬಾನೆಟ್ಟನ್ನು ಒತ್ತಿದರೆ ಕಲ್ಲು. ಮನೆಗೆ ಬರುವ ದಾರಿಯಲ್ಲಿ ರಸ್ತೆಯ ಒಂದೊಂದು ಹರಳೂ ಹಲ್ಲಿನಲ್ಲಿ ತಿಳಿಯುತ್ತಿತ್ತು. ಆದರೂ ನೀಲಾ, ಕುಣಿಯುತ್ತಿಲ್ಲವಲ್ಲ ಎಂದುಕೊಂಡಳು. ಮರುದಿನ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ, ಹಿಂದಿನ ಸೀಟಿನ ಮೇಲಿಟ್ಟು ಬಾಲಾನಗರದ ತನಕ ಹೋಗಿ ಬಂದಳು. ಓಣಿಯಲ್ಲಿ ಗಾಡಿ ನಿಲ್ಲಿಸಿ ಗಂಟು ಬಿಚ್ಚಿದಳು.

ಮೊದಲು ಚೂರಾಗುತ್ತಿದ್ದವು. ಈಗ ಪುಡಿಯಾಗಿದ್ದವು.

ಅವಳು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತಳು. ಕೆಳಗಿನ ಮನೆಯ ಹೆಂಗಸು ಬಂದು ಏನಾಯಿತೆಂದು ಕೇಳಿದಾಗ, ಬಿಸಿಲು ಎಂದಳು.

ಮತ್ತೆ ಗ್ಯಾರೇಜಿಗೆ ಹೋದಾಗ ಅಮರಯ್ಯ, "ನಾ ಹೇಳಿದ್ದಿಲ್ಲೇನು" ಎನ್ನಲಿಲ್ಲ. ಪುಡಿಯ ಗಂಟನ್ನು ಇಸಿದುಕೊಂಡು, ಚಟ್ನಿ ಇದೆಯೇ ಎಂದು ಕೇಳಿದ. ಇತ್ತು. ಎಣ್ಣೆಯ ಕೈಗಳನ್ನು ತೊಳೆದು ಬಂದು, ಒಂದು ಹಳೆಯ ಟಯರಿನ ಮೇಲೆ ಕೂತು, ಕಲಸಿ ತಿಂದ. ಇನ್ನೊಂದು ಟಯರಿನ ಮೇಲೆ ನೀಲಾ ಕೂತಳು.

"ನಿಮ್ಮ ಊರಾಗ ಹೊಲಕ್ಕ ಬುತ್ತಿ ಹೊರ್ತಿದ್ರೇನ್ರಿ ಅಕ್ಕಾರ?"

"ನಮ್ಮವ್ವ ಹೊರ್ತಿದ್ಲು. ನಾನೂ ಹೊತ್ತೀನಿ."

"ಹೊಸದಾಗಿ ಹೊತ್ತಾಗ ಕೆಡವಿರಬೇಕಲ್ಲ?"

ಕೆಡವಿದ್ದಳು. ತೊಗರಿ ಹೊಲದ ಬದುವಿನ ಮೇಲೆ, ಎಲ್ಲರ ಕಣ್ಣೆದುರು. ಬೀಳಬಾರದೆಂದು ಕುತ್ತಿಗೆಯನ್ನು ಕಂಬದಂತೆ ಬಿಗಿಹಿಡಿದು ನಡೆದಿದ್ದಳು; ಹೆಂಟೆಯೊಂದರ ಮೇಲೆ ಕಾಲಿಟ್ಟದ್ದೇ ತಡ, ಆ ಪೆಟ್ಟು ಹಿಮ್ಮಡಿಯಿಂದ ನೆತ್ತಿಗೇರಿ ಬುತ್ತಿ ಹಾರಿತ್ತು. ಅವ್ವ ಬೈಯಲಿಲ್ಲ. ಹಿಂದೆ ಬಂದು ಅವಳ ಕತ್ತಿನ ಮೇಲೆ ಅಂಗೈ ಇಟ್ಟು, "ಇದನ್ನ ಬಿಡು" ಎಂದಿದ್ದಳು. ಆಮೇಲೆ ತಾನು ಹೊತ್ತು ಮುಂದೆ ನಡೆದಳು. ಮೊಣಕಾಲು ಬಾಗುತ್ತಿತ್ತು, ಸೊಂಟ ತೂಗುತ್ತಿತ್ತು, ಕುತ್ತಿಗೆ ತುಸುವೇ ಸೋಲುತ್ತಿತ್ತು. ಅಷ್ಟೆಲ್ಲದರ ಮೇಲೆ ಬುತ್ತಿ, ಬಾವಿಯ ನೀರಿನ ಹಾಗೆ, ಅಲುಗದೆ ಹೋಗುತ್ತಿತ್ತು.

ಇಷ್ಟು ವರ್ಷ ಆ ನಡಿಗೆಯನ್ನು ಹೇಗೆ ಮರೆತಿದ್ದಳೋ ಅವಳಿಗೇ ಆಶ್ಚರ್ಯವಾಯಿತು. ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು, "ತಿರುವು ಅದನ್ನ" ಎಂದಳು.

ಅವತ್ತು ಮಧ್ಯಾಹ್ನವೆಲ್ಲ ಅದೇ ಕೆಲಸ. ಮನೆಯಿಂದ ರೊಟ್ಟಿಯ ಇನ್ನೊಂದು ಗಂಟು ಬಂತು. ಅಮರಯ್ಯ ತಿರುಗಣೆ ತಿರುವುವನು. ನೀಲಾ ಗ್ಯಾರೇಜಿನ ಮುಂದಿನ ರಸ್ತೆ ಉಬ್ಬನ್ನು ಹಾಯಿಸಿಕೊಂಡು ಹೋಗಿ ತಿರುಗಿ ಬರುವಳು. ಇಬ್ಬರೂ ಗಂಟು ಬಿಚ್ಚಿ ಬಗ್ಗಿ ನೋಡುವರು. ಪೂರಾ ಸಡಿಲ ಮಾಡಿದಾಗ ಕಾರು ದೋಣಿಯ ಹಾಗೆ ವಾಲಾಡಿ, ರೊಟ್ಟಿಗಳು ಜಾರಿ ಒಂದಕ್ಕೊಂದು ಬಡಿದು ಅಂಚು ಮುರಿದುಕೊಂಡವು. ಒಡೆದದ್ದನ್ನೆಲ್ಲ ಗ್ಯಾರೇಜಿನವರು ತಿಂದು ಮುಗಿಸುತ್ತಿದ್ದರು. "ಅವಸರ ಮಾಡಬ್ಯಾಡ್ರಿ ಅಕ್ಕಾರ, ಇನ್ನೊಂದೆರಡು ಸಲ ತಪ್ಪಲಿ. ನಮ್ಮದು ಊಟ ಪೂರಾ ಆಗಿಲ್ಲ" ಎಂದು ಅಮರಯ್ಯ ನಗಿಸಿದ. ಟಯರುಗಳ ಗಾಳಿಯನ್ನೂ ತುಸು ಇಳಿಸಿದ. ಕೊನೆಗೆ ತಿರುಗಣೆ ಬಂದು ನಿಂತದ್ದು ನಡುವಿಗಿಂತ ಒಂದು ಕೂದಲಿನಷ್ಟು ಸಡಿಲದ ಕಡೆ. ಆ ಸಲ ಗಂಟು ಬಿಚ್ಚಿದಾಗ ರೊಟ್ಟಿಗಳು ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ಕೂತಿದ್ದವು. ನೀಲಾ ಒಂದೊಂದನ್ನೂ ಎತ್ತಿ ನೋಡಿ ನಕ್ಕಳು. ತಿನ್ನಲು ಏನೂ ಸಿಗಲಿಲ್ಲವೆಂದು ಅಮರಯ್ಯ ಮಾತ್ರ ತುಸು ಬೇಸರದ ಮುಖ ಮಾಡಿದ.

ಕುಬುಸದ ದಿನ ಬಂತು. ಉರಿಬಿಸಿಲಿನ ದಿನ. ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ, ಎಳ್ಳಿನ ಸಜ್ಜೆ ರೊಟ್ಟಿ ಬಡಿದು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಹಿಂಡಿ ಚಟ್ನಿ ಮಾಡಿ, ಬಿದಿರಿನ ಬುಟ್ಟಿಯಲ್ಲಿ ಬಿಳಿ ಬಟ್ಟೆ ಹಾಸಿ ಜೋಡಿಸಿದಳು. ಮೇಲೆ ಹಸಿರು ಇಳಕಲ್ ಸೀರೆ, ಹಸಿರು ಬಳೆ. ಮುಂದಿನ ಸೀಟನ್ನು ಮಡಚಿ, ವೀರಭದ್ರಪ್ಪ ಬಿಳಿ ಧೋತರ ಸಮೇತ ಹಿಂದೆ ನುಸುಳಿ, ಬುಟ್ಟಿಯ ಪಕ್ಕ ಮಡಚಿಕೊಂಡು ಕೂತ. ಅಂದು ಅವನು ತಂದೆಯ ಜಾಗದಲ್ಲಿ ಹೊರಟಿದ್ದ; ರುಮಾಲು ಕಾರಿನ ಚಾವಣಿಗೆ ತಾಗುತ್ತಿತ್ತು.

ಬಾಲಾನಗರ ದಾಟುವವರೆಗೆ ರಸ್ತೆ ಚೆನ್ನಾಗಿತ್ತು. ಬೋವೆನ್‌ಪಲ್ಲಿಯಲ್ಲಿ ಮುಂದಿದ್ದ ಲಾರಿ ತಟ್ಟನೆ ನಿಂತಿತು. ನೀಲಾ ಬ್ರೇಕ್ ಒತ್ತಿದಳು. ಕಾರಿನ ಮೂತಿ ಬಾಗಿತು, ಬಾಗಿ ಮೆಲ್ಲಗೆ ಎದ್ದಿತು. ಹಿಂದೆ ಏನೋ ಕಟಕ್ ಎಂದಿತು.

"ಏನ್ರಿ ಅದು ಸದ್ದು?"

"ನನ್ನ ಮೊಣಕಾಲು."

"ಖರೇ ಹೇಳ್ರಿ."

"ಖರೇನ ನನ್ನ ಮೊಣಕಾಲು. ನೀ ಮುಂದ ನೋಡು."

ಮೆಟ್ಟುಗೂಡದ ಹತ್ತಿರ ಪೈಪು ಹಾಕಲೆಂದು ರಸ್ತೆಯನ್ನು ಅಡ್ಡಡ್ಡ ಅಗೆದಿದ್ದರು. ಮಣ್ಣು ಮುಚ್ಚಿದ ಕಡೆ ಕೂಡ ಹಳ್ಳ ಬಿದ್ದಿತ್ತು. ಹಿಂದೆ ಆಟೋಗಳು ಹಾರ್ನ್ ಬಾರಿಸುತ್ತಿದ್ದವು. ನೀಲಾ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದಳು. ಕುತ್ತಿಗೆಯ ಮೇಲೆ ಯಾರೋ ಅಂಗೈ ಇಟ್ಟಂತಾಯಿತು. ಹೆಗಲು ಇಳಿಬಿಟ್ಟು, ಉಸಿರು ಬಿಟ್ಟು, ಗಾಡಿಯನ್ನು ಮೆಲ್ಲಗೆ ಹಳ್ಳಕ್ಕೆ ಇಳಿಸಿದಳು. ಚಕ್ರ ಇಳಿಯಿತು, ಏರಿತು. ಅವಳು ಮಾತ್ರ ಇದ್ದ ಹಾಗೇ ಇದ್ದಳು.

ಕೃಷ್ಣಾಬಾಯಿಯ ಮನೆಯ ತುಂಬ ರೈಲ್ವೆ ಕಾಲೊನಿಯ ಹೆಂಗಸರು. ತಲೆಯ ತುಂಬ ಮಲ್ಲಿಗೆ ಮುಡಿದು ಮಣೆಯ ಮೇಲೆ ಕೂತ ಸಂಯುಕ್ತಾ ನೀಲಾಳನ್ನು ನೋಡಲಿಲ್ಲ, ಬುಟ್ಟಿಯನ್ನು ನೋಡಿದಳು. ಕೃಷ್ಣಾಬಾಯಿ ಎಲ್ಲರೆದುರು ಸೀರೆ, ಬಳೆ ಎತ್ತಿಟ್ಟು ಬಟ್ಟೆ ಸರಿಸಿದಳು. ಮೇಲಿನ ರೊಟ್ಟಿ ಎತ್ತಿದಳು. ಇಡಿಯಾಗಿತ್ತು. ನಡುವಿನಿಂದ ಒಂದನ್ನು ಎಳೆದಳು. ಇಡಿಯಾಗಿತ್ತು. ಬುಟ್ಟಿಯ ತಳಕ್ಕೆ ಕೈ ಹಾಕಿ ಕೊನೆಯದನ್ನು ತೆಗೆದು ಬೆಳಕಿಗೆ ಹಿಡಿದಳು. ಎಳ್ಳು ಕೂಡ ಉದುರಿರಲಿಲ್ಲ.

"ಎಲ್ಲಿ ಕೊಂಡ್ರಿ?" ಎಂದಳು ಕೃಷ್ಣಾಬಾಯಿ. "ಇಲ್ಲೇ ಸ್ಟೇಷನ್ ಮುಂದ ಇಳದು ಕೊಂಡ್ರೇನು?"

ಹೆಂಗಸರು ನಕ್ಕರು. ನೀಲಾಳ ಮುಖ ಬಿಸಿಯಾಯಿತು. ಆದರೆ ದನಿ ಏರಲಿಲ್ಲ. "ಇಂಥಾ ರೊಟ್ಟಿ ನಿಮ್ಮ ಸ್ಟೇಷನ್ ಮುಂದ ಸಿಗ್ತಾವಂದ್ರ ನನಗೂ ತೋರಿಸ್ರಿ, ನಾಳಿಂದ ಕೈ ನೋಯಿಸ್ಕೊಳ್ಳೂದು ತಪ್ತೈತಿ. ಇಲ್ಲಾಂದ್ರ ಬರ್ರಿ, ಗಾಡ್ಯಾಗ ಕುಂತು ನೋಡ್ರಿ."

ಕೃಷ್ಣಾಬಾಯಿ ಅವಳನ್ನು ದಿಟ್ಟಿಸಿದಳು. ಆಮೇಲೆ ತಳದಿಂದ ತೆಗೆದ ರೊಟ್ಟಿಯನ್ನು ಅಂಗೈ ಮೇಲೆ ಹಾಗೆಯೇ ಹಿಡಿದು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಹೆಂಗಸರು ಬಾಗಿಲಿಗೆ ಬಂದು ನಿಂತರು.

ಕಾಲೊನಿಯ ರಸ್ತೆಯ ಉಬ್ಬುಗಳ ಮೇಲೆ ಕೆಂಪು ಕಾರು ಹೋಯಿತು. ಕೃಷ್ಣಾಬಾಯಿಯ ಕಣ್ಣು ರೊಟ್ಟಿಯ ಮೇಲೇ ಇತ್ತು. "ಗೇಟಿನ ಕಡೆ ನಡೀರಿ" ಎಂದಳು. ರೈಲ್ವೆ ಗೇಟಿನ ಹಳಿಗಳ ಮೇಲೆ ಎಂಥ ಗಾಡಿಯೂ ಗಡಗಡಿಸಬೇಕು. ನೀಲಾ ಗೇರ್ ಇಳಿಸಿ, ಹಳಿಗಳನ್ನು ಒಂದೊಂದಾಗಿ ದಾಟಿಸಿದಳು. ಅಂಗೈ ಮೇಲಿನ ರೊಟ್ಟಿ ತುಸು ಮೇಲೆದ್ದು, ತುಸು ಕೆಳಗಿಳಿದು, ಹಾಗೆಯೇ ಕೂತಿತು.

ಗೇಟಿನಾಚೆ ಬೇವಿನ ಮರದ ಕೆಳಗೆ ನಿಲ್ಲಿಸಲು ಹೇಳಿದಳು ಕೃಷ್ಣಾಬಾಯಿ. ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು.

"ನನ್ನ ಮೊದಲನೇದು ಚಕ್ಕಡ್ಯಾಗ ಹೋತ್ರಿ. ತವರಿಗೆ ಹೋಗೂ ಹಾದ್ಯಾಗ. ನಮ್ಮತ್ತಿ ಬ್ಯಾಡ ಅಂದಿದ್ಲು, ನಾನ ಹಟ ಮಾಡಿದ್ದೆ. ಅವತ್ತಿಂದ ಯಾರನ್ನರ ಕಳಸೋದಂದ್ರ ನನ್ನ ಕೈ ಏಳಂಗಿಲ್ಲ."

ನೀಲಾ ಎಂಜಿನ್ ಆರಿಸಿದಳು. ಈ ಹೆಂಗಸು ತನ್ನನ್ನು ಬೇಡವೆಂದಿರಲಿಲ್ಲ, ಬರೀ ಹೆದರಿದ್ದಳು ಎಂಬುದು ತಿಳಿದಾಗ, ಸಂಕ್ರಾಂತಿಯಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಗಂಟೊಂದು ಸಡಿಲವಾಯಿತು. ಬೇವಿನ ಹೂ ಉದುರಿ ಗಾಜಿನ ಮೇಲೆ ಬೀಳುತ್ತಿತ್ತು.

ಕೃಷ್ಣಾಬಾಯಿ ಅಂಗೈ ಮೇಲಿನ ರೊಟ್ಟಿಯನ್ನು ತಾನೇ ನಡುವಿಗೆ ಮುರಿದಳು. ಅಷ್ಟು ದೂರ ಬಂದು ಒಡೆಯದ ರೊಟ್ಟಿ ಅವಳ ಬೆರಳಿಗೆ ಪಟ್ಟನೆ ಒಡೆಯಿತು. ಅರ್ಧವನ್ನು ನೀಲಾಳ ಕಡೆ ಚಾಚಿದಳು. "ತಗೋರಿ ಬೀಗತಿ. ಮುಂಜಾನಿಂದ ಏನೂ ತಿಂದಿಲ್ಲ ನೀವು, ಮುಖ ನೋಡಿದ್ರ ಗೊತ್ತಾಗ್ತೈತಿ."

ಆವರೆಗೆ ಅವಳು ನೀಲಾಬಾಯಿ ಎಂದೇ ಕರೆಯುತ್ತಿದ್ದಳು. ಬೀಗತಿ ಎಂಬ ಹೊಸ ಕರೆ ಕಿವಿಗೆ ಬಿದ್ದು ನೀಲಾ ಆ ಅರ್ಧ ರೊಟ್ಟಿಯನ್ನು ಎರಡೂ ಕೈಯಿಂದ ಇಸಿದುಕೊಂಡಳು. ಇಬ್ಬರೂ ಕೂತು ಕರಕರ ತಿಂದರು.

ಬಿಸಿಲು ಇಳಿದ ಮೇಲೆ ಸಂಯುಕ್ತಾ ಅತ್ತೆಯ ಕಾಲಿಗೆ ಬಿದ್ದು, "ತವರಿಗೆ ಹೋಗಿ ಬರ್ತೀನ್ರಿ" ಎಂದಳು. ಬುಟ್ಟಿಯನ್ನು ಬರಿದಾಗಿ ಕಳಿಸಬಾರದೆಂದು ಕೃಷ್ಣಾಬಾಯಿ ಅದರಲ್ಲಿ ಅಕ್ಕಿ, ತೆಂಗಿನಕಾಯಿ ತುಂಬಿದಳು. ಕೆಳಗೆ ತನ್ನದೊಂದು ಹಳೆಯ ಕೌದಿ, ಮಗುವಿಗೆ ಹಾಸಲು. ವಿನಾಯಕ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ವೀರಭದ್ರಪ್ಪ ಮತ್ತೆ ಮಡಚಿಕೊಂಡು ಹಿಂದೆ ಹೋದ. ಗಾಡಿ ಹೊರಟಾಗ ಕೃಷ್ಣಾಬಾಯಿ ಅಂಗಳದಲ್ಲಿ ನಿಂತು ಕೈ ಎತ್ತಿದಳು.

ಮೆಟ್ಟುಗೂಡ ದಾಟುವಷ್ಟರಲ್ಲಿ ಹಿಂದಿನಿಂದ ಗೊರಕೆ ಕೇಳತೊಡಗಿತು. ಸಂಯುಕ್ತಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು.

"ಕಾಕು, ಆ ಅಗದ ರಸ್ತಾ ಬಂತೇನು? ಹೇಳು ಮತ್ತ, ಗಟ್ಟಿ ಹಿಡಕೊಂತೀನಿ."

"ಅದು ಆಗಲೇ ಹೋತು" ಎಂದಳು ನೀಲಾ. "ಹಿಡಕೋಬ್ಯಾಡ. ಮೈ ಬಿಟ್ಟು ಕುಂಡ್ರು."